ಜೋಗದ ವರ್ಣನೆಗಳು: ಒಂದು ವಿಮರ್ಶೆ

ಜೋಗದ ಜಲಪಾತವನ್ನು ಕುರಿತು ಕನ್ನಡದಲ್ಲಿ ಬಂದಿರುವ ಪ್ರವಾಸಲೇಖನಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕವಾದುವು. ಮೊದಲು ಕಾಡಿನ ದಾರಿ, ಅನಂತರ ಮಂಜು, ಮಂಜು ಸರಿದೊಡನೆ ‘ವರ್ಣನಾತೀತ’ವೆಂಬ ಮಾತು, ಅದರ ಬೆನ್ನಿಗೇ ಎರಡು ಪುಟಗಳ ವರ್ಣನೆ! ಸ್ಥಳದ ಐತಿಹ್ಯವಾದರೋ ಊಟದ ಕೊನೆಯ ಅಡಕೆಯ ಹೋಳಿನಂತೆ ಕಡೆಯ ವಾಕ್ಯದಲ್ಲಿ ಬಂದು ಹೋಗುತ್ತದೆ.

ತೀರ್ಥಹಳ್ಳಿಯ ಸೀಮೆಯ ಅಂಬುತೀರ್ಥದಲ್ಲಿ ಸೀತಾದೇವಿಯ ಬಾಯಾರಿಕೆಯನ್ನು ನೀಗಲು ಶ್ರೀರಾಮನು ನೆಲಕ್ಕೆ ಬಾಣವನ್ನು ಬಿಡಲಾಗಿ ನೀರು ಚಿಮ್ಮಿತೆಂದೂ, ಶರದಿಂದ ಹುಟ್ಟಿದ ಕಾರಣ ನದಿಗೆ ಶರಾವತಿಯೆಂದು ಹೆಸರಾಯಿತೆಂದೂ ಜನರು ಹೇಳುವರು. ಲೇಖಕರು ಈ ಕಥೆಯನ್ನು ಜೋಗದ ಪ್ರಪಾತಕ್ಕೆ ತಂದು ಹೊದಿಸಿ, ರಾಮಬಾಣದ ವೇಗವೇ ಇಲ್ಲಿ ಧುಮುಕುತ್ತಿದೆಯೆಂದು ಅಲಂಕರಿಸುವುದುಂಟು. ಉಪಮೆಯೇನೋ ಕಿವಿಗೆ ಇಂಪು. ಆದರೆ ಕಥೆ ಹುಟ್ಟಿದುದು ಒರತೆಯ ಬಳಿಯಲ್ಲಿ; ಅದರ ಜೀವವಿರುವುದು ದಾಹದಲ್ಲಿ. ಒಬ್ಬ ಹೆಂಗಸಿನ ಬೊಗಸೆ ತುಂಬಲೆಂದು ಎದ್ದ ನೀರು ಮುಂದೆ 830 ಅಡಿಗಳ ಕೆಳಕ್ಕೆ ಬೀಳುವ ಹೊಳೆಯಾಯಿತೆಂಬ ಬೆರಗನ್ನು ಹಳ್ಳಿಯವರು ಬಲ್ಲರು. ಲೇಖನಗಳಲ್ಲಿ ಅದು ಸೋರಿಹೋಗಿದೆ.

ಹೆಸರುಗಳ ವಿಷಯದಲ್ಲಿಯೂ ಇದೇ ಅವಸ್ಥೆ. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕರಲ್ಲಿ ಕಡೆಯ ಎರಡು ಇಂಗ್ಲಿಷಿನ ಮಾತುಗಳು. ರಾಣಿಗೂ ಒಂದು ಕಾಲಕ್ಕೆ ‘ಬಿಳಿಯ ದೊರೆಸಾನಿ’ ಎಂಬರ್ಥದ ಫ್ರೆಂಚ್ ಹೆಸರಿದ್ದಿತು. ಹೀಗಿದ್ದೂ ರಾಜನ ಗಾಂಭೀರ್ಯ, ರಾಣಿಯ ಬಳುಕು ಎಂಬಿವುಗಳನ್ನು ಪುರಾತನ ಐತಿಹ್ಯವೆಂಬಂತೆ ಬರೆಯುವರು. ರೋರರ್ ಅರ್ಧದಾರಿಯಲ್ಲಿ ಬಂಡೆಗೆ ಬಡಿದು ರಾಜನ ಕಡೆಗೆ ನುಗ್ಗುವುದನ್ನು ಕಣ್ಣಾರೆ ಕಂಡು ಬರೆದ ಒಂದು ವಾಕ್ಯ ಇಂತಹ ಹತ್ತು ಉಪಮೆಗಳಿಗಿಂತ ಮೇಲು.

ಈ ಸ್ಥಳಕ್ಕೆ ಹೊಸದೊಂದು ಐತಿಹ್ಯವೂ ಸೇರಿದೆ. ಜಲಪಾತವನ್ನು ಕಂಡ ವಿಶ್ವೇಶ್ವರಯ್ಯನವರು ಇಷ್ಟು ಶಕ್ತಿ ವ್ಯರ್ಥವಾಗುತ್ತಿದೆಯಲ್ಲಾ ಎಂದು ಮರುಗಿದರೆಂಬ ಮಾತು ಮನೆಮನೆಯಲ್ಲಿ ಬಳಕೆಯಲ್ಲಿದೆ. ಬಾಣದ ಕಥೆಯಂತೆ ಇದೂ ನೀರಿನ ಪ್ರಯೋಜನದ ಕಥೆಯೇ ಅಲ್ಲವೇ? 1948ರಲ್ಲಿ ವಿದ್ಯುದಾಗಾರವು ಕೆಲಸಕ್ಕೆ ತೊಡಗಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಆ ಮೇಲೆ ಪ್ರಪಾತದ ತುಂಬುತನವು ಮಳೆಗಾಲದ ಭಾಗ್ಯವಾಗಿ ಉಳಿದಿದೆ. ಬೇಸಗೆಯಲ್ಲಿ ಹೋದವರಿಗೆ ಕಾಣುವುದು ಬೋಳುಬಂಡೆ, ಅದರ ಮೇಲೆ ನೂಲಿನೆಳೆಯಂತಹ ನೀರು. ಇದನ್ನು ಬರೆಯಲು ನಮ್ಮ ಲೇಖಕರು ನಾಚುತ್ತಾರೆ.

ಬರೆಯದೆ ಬಿಟ್ಟುದು ಇನ್ನೂ ಇದೆ. ಹಿನ್ನೀರು ಅನೇಕ ಹಳ್ಳಿಗಳನ್ನು ನುಂಗಿತು. ಮನೆ, ಗದ್ದೆ, ತೋಟಗಳೊಡನೆ ಚೌಡಿಯ ಬನಗಳೂ ಅವುಗಳನ್ನು ಸುತ್ತಿಕೊಂಡಿದ್ದ ಕಥೆಗಳೂ ಮುಳುಗಿದುವು. ಜೋಗದ ಜನಪದವನ್ನು ಅರಸುವವರು ಎತ್ತರದ ವೀಕ್ಷಣಸ್ಥಾನದಲ್ಲಿ ನಿಂತರೆ ಅದು ದೊರೆಯದು; ಆ ಕಥೆಗಳನ್ನು ಹೊತ್ತು ಊರು ಬಿಟ್ಟವರನ್ನು ಕೇಳಬೇಕು. ಪ್ರವಾಸಲೇಖಕರು ಕೈಬಿಟ್ಟ ಈ ವಿಷಯವನ್ನು ಕಾದಂಬರಿಯು ಎತ್ತಿಕೊಂಡಿತು: ನಾ. ಡಿಸೋಜರ ‘ದ್ವೀಪ’ದಲ್ಲಿ ಹಿನ್ನೀರು ದಿನದಿನಕ್ಕೆ ಏರಿ ಒಂದು ಸಂಸಾರವನ್ನು ಸುತ್ತುಗಟ್ಟುತ್ತದೆ. ಅಲ್ಲಿ ನೀರನ್ನು ನೋಡುತ್ತಿರುವವರು ನೋಟಕ್ಕೆಂದು ಬಂದವರಲ್ಲ.