ಶಾಸನ ಬಿಟ್ಟ ಜಾಗದಲ್ಲಿ

ಶಿವಗಂಗೆ ಬೆಟ್ಟದ ನೆತ್ತಿಯಲ್ಲಿ ಒಂದು ಕಡಿದಾದ ಅಂಚಿದೆ. ಜನ ಅದನ್ನು ‘ಶಾಂತಲಾ ಡ್ರಾಪ್’ ಎನ್ನುತ್ತಾರೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಇಲ್ಲಿಂದಲೇ ಹಾರಿಕೊಂಡಳು ಎಂದು, ಬೆಟ್ಟ ಹತ್ತಿ ಏದುಸಿರು ಬಿಡುತ್ತ ನಿಂತವರಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಶ್ರವಣಬೆಳಗೊಳದ ಶಾಸನ ಹೇಳುವುದು ಮಾತ್ರ ಇಷ್ಟೇ: ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಹೇಗೆ, ಯಾತಕ್ಕೆ ಎಂದು ಕೇಳಿದರೆ ಕಲ್ಲು ಬಾಯಿ ಬಿಡುವುದಿಲ್ಲ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಓದಿದವರಿಗೆ ಎಲ್ಲವೂ ಗೊತ್ತು!

ನಮ್ಮ ಐತಿಹಾಸಿಕ ಪ್ರಣಯ ಕಾದಂಬರಿಗಳು ಹುಟ್ಟಿದ್ದು ಈ ಬಿಟ್ಟ ಜಾಗದಲ್ಲಿ. ದತ್ತಿ ಕೊಟ್ಟ ಭೂಮಿಯ ಎಲ್ಲೆ, ಅರಸನ ಬಿರುದಾವಳಿ, ಸಾಕ್ಷಿಗಳ ಹೆಸರು, ದಾನ ಕೆಡಿಸಿದವನಿಗೆ ತಟ್ಟುವ ಪಾಪ, ಇವನ್ನೆಲ್ಲ ಶಾಸನಗಳು ಚಾಚೂ ತಪ್ಪದೆ ಬರೆಯುತ್ತವೆ. ದಾನ ಕೊಟ್ಟ ರಾಣಿ ಅಂದು ಬೆಳಿಗ್ಗೆ ಅತ್ತಿದ್ದಳೋ ನಕ್ಕಿದ್ದಳೋ ಬರೆಯುವುದಿಲ್ಲ. ಹಳೇಬೀಡಿನ ಗರುಡಗಂಬ ನೋಡಿ. ಎರಡನೆಯ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲೆ, ದೊರೆಗಾಗಿ ಪ್ರಾಣ ಕೊಡುವ ಪಣ ತೊಟ್ಟ ಅವರ ಜೊತೆಗಾರ ಗರುಡರು ದೊರೆಯ ಹಿಂದೆಯೇ ಪ್ರಾಣ ಬಿಟ್ಟರೆಂದು ಅದು ಹೇಳುತ್ತದೆ. ಹಿಂದಿನ ರಾತ್ರಿ ಸುಗ್ಗಲೆ ಗಂಡನಿಗೆ ಏನೆಂದಳು? ಇತಿಹಾಸಕಾರ ಅಲ್ಲಿಗೆ ನಿಲ್ಲುತ್ತಾನೆ. ಕಾದಂಬರಿಕಾರ ಅಲ್ಲಿಂದ ಹೊರಡುತ್ತಾನೆ.

ಈ ಕಾದಂಬರಿಗಳ ಮೋಹಕ್ಕೆ ಇನ್ನೊಂದು ಕಾರಣವನ್ನು ನನಗೆ ತೋರಿಸಿಕೊಟ್ಟವರು ನಮ್ಮ ಸೋದರತ್ತೆ. ಅಡುಗೆಮನೆ ಸಾರಿಸಿ ಮುಗಿಸಿದ ಮೇಲೆ, ಸಂಜೆ ಕಾಫಿಗೆ ಒಲೆ ಹಚ್ಚುವ ತನಕ, ನಡುಮನೆಯ ಕಂಬಕ್ಕೆ ಒರಗಿ ಬಾಡಿಗೆ ಪುಸ್ತಕ ಓದುವುದು ಅವರ ಕ್ರಮ. ಯುದ್ಧದ ಪುಟ ಬಂದರೆ ಬೆರಳಿಗೆ ಎಂಜಲು ಹಚ್ಚಿ ನಾಲ್ಕು ಹಾಳೆ ಒಟ್ಟಿಗೆ ಮಗುಚುತ್ತಿದ್ದರು. ಕೇಳಿದರೆ, “ಗೆದ್ದಿದ್ದು ಯಾರೂಂತ ಆಮೇಲೆ ಹೇಗೂ ಗೊತ್ತಾಗತ್ತೆ ಕಣೋ” ಎನ್ನುವರು. ಅವರಿಗೆ ಬೇಕಾಗಿದ್ದದ್ದು ಯುದ್ಧಕ್ಕೆ ಮುಂಚಿನ ರಾತ್ರಿ. ಸಾಮಾಜಿಕ ಕಾದಂಬರಿಯಲ್ಲಿ ಹುಡುಗಿ ಒಲ್ಲೆ ಎಂದರೆ ಅಚ್ಚಾದ ಲಗ್ನಪತ್ರಿಕೆ ಹಾಳಾಗುತ್ತದೆ, ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. ಐತಿಹಾಸಿಕ ಕಾದಂಬರಿಯಲ್ಲಿ ಅದೇ ಹುಡುಗಿ ಒಲ್ಲೆ ಎಂದರೆ ಕೋಟೆಯ ಹೆಬ್ಬಾಗಿಲು ಮುರಿಯುತ್ತದೆ. ತನ್ನ ಇಷ್ಟಾನಿಷ್ಟಕ್ಕೆ ಮನೆಯಲ್ಲಿ ಕಾಸಿನ ಬೆಲೆ ಇಲ್ಲದ ಹೆಣ್ಣಿಗೆ, ಒಂದು ಮನಸ್ಸಿನ ತೀರ್ಮಾನ ಸಾಮ್ರಾಜ್ಯವನ್ನು ಅಲುಗಿಸುವ ಲೋಕ ಹೇಗೆ ಕಂಡಿರಬೇಡ! ಇದನ್ನು ಪಲಾಯನ ಎಂದು ತಳ್ಳಿಹಾಕಿದ ವಿಮರ್ಶಕರು ಆ ನಡುಮನೆಯಲ್ಲಿ ಕೂತು ನೋಡಲಿಲ್ಲ ಎನಿಸುತ್ತದೆ.

ಈ ಪ್ರಕಾರದ ಬೀಜ ನಮ್ಮದಲ್ಲ, ನೆಲ ನಮ್ಮದು. ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್ 1814ರಲ್ಲಿ ‘ವೇವರ್ಲಿ’ ಬರೆದು ಹಾಕಿಕೊಟ್ಟ ಜಾಡು ಬಂಗಾಳಕ್ಕೆ ಬಂತು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ 1865ರದು. ಬಿ. ವೆಂಕಟಾಚಾರ್ಯರು 1885ರಲ್ಲಿ ಅದನ್ನು ಕನ್ನಡಕ್ಕೆ ತಂದರು. ಇನ್ನೊಂದು ಹೊಳೆ ಮರಾಠಿಯ ಹರಿ ನಾರಾಯಣ ಆಪಟೆಯವರಿಂದ ಉತ್ತರ ಕರ್ನಾಟಕದ ಗಳಗನಾಥರ ಕಡೆಗೆ ಹರಿಯಿತು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಈ ಶಾಲಾ ಮಾಸ್ತರರು ಬರೆದು, ಅಚ್ಚುಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಓದುವ ಜನ ಇದ್ದಾರೆಂದು ನಂಬಿ ಹೊರಟದ್ದಲ್ಲ. ಓದುವ ಜನರನ್ನು ಮಾಡಿಕೊಳ್ಳಲು ಹೊರಟದ್ದು. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದದ್ದು 1917ರಲ್ಲಿ. ನಾಡು ನಾಲ್ಕಾರು ಆಡಳಿತಗಳಲ್ಲಿ ಹಂಚಿಹೋಗಿದ್ದ ಆ ದಿನಗಳಲ್ಲಿ ವಿಜಯನಗರ ಎಂಬ ಹೆಸರು ಕೇಳಿದರೆ ಜನ ನೆಟ್ಟಗೆ ಕೂರುತ್ತಿದ್ದರು.

ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೂಲ ಆಪಟೆಯವರ ‘ವಜ್ರಾಘಾತ’. 1565ರ ರಕ್ಕಸತಂಗಡಿ ಕಾಳಗದಲ್ಲಿ ವಿಜಯನಗರ ಸೋತದ್ದಕ್ಕೆ ಇತಿಹಾಸಕಾರರು ಹೇಳುವ ಕಾರಣಗಳು ಹಲವು: ಸುಲ್ತಾನರ ಒಕ್ಕೂಟ, ಅವರ ಫಿರಂಗಿ, ಸಾಮ್ರಾಜ್ಯದ ಸೂತ್ರ ಹಿಡಿದಿದ್ದ ರಾಮರಾಯ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುತ್ತಿದ್ದ ಆಟ. ಕಾದಂಬರಿಯ ಕಾರಣ ಬೇರೆ. ಪ್ರಾಯದ ರಾಮರಾಯ ಮೆಹೆರ್ಜಾನಳನ್ನು ಪ್ರೀತಿಸುತ್ತಾನೆ, ಅಧಿಕಾರದ ಏಣಿ ಕಂಡೊಡನೆ ಕೈಬಿಡುತ್ತಾನೆ. ಅವರ ಮಗ ರಣಮಸ್ತಖಾನ ಕೊನೆಗೆ ತಂದೆಯ ಎದುರೇ ನಿಲ್ಲುತ್ತಾನೆ. ಸಾಮ್ರಾಜ್ಯ ಬಿದ್ದದ್ದು ಕೊಟ್ಟ ಮಾತು ತಪ್ಪಿದ್ದಕ್ಕೆ!

ಇದು ಇತಿಹಾಸವಲ್ಲ, ಒಪ್ಪೋಣ. ಆದರೆ ಎಂಥ ಧೈರ್ಯದ ಕಲ್ಪನೆ. ಸೋಲಿನ ಹೊಣೆಯನ್ನು ಶತ್ರುವಿನ ಕ್ರೌರ್ಯದ ಮೇಲೆ ಹೊರಿಸುವುದು ಸುಲಭವಿತ್ತು, ಅದನ್ನು ಕೇಳುವ ಕಿವಿಗಳೂ ಬೇಕಾದಷ್ಟಿದ್ದವು. ಈ ಕಥೆ ಅದನ್ನು ನಮ್ಮವನ ಹಾಸಿಗೆಯ ಬಳಿಗೇ ತಂದು ಇಡುತ್ತದೆ. ‘ಕರ್ಮಕಥೆ’ ಎಂಬ ಹೆಸರಿನಲ್ಲೇ ಆ ತೀರ್ಪಿದೆ. ಒಂದು ಹುಳುಕನ್ನೂ ಹೇಳಬೇಕು. ಬಂಕಿಮರಲ್ಲಿ ಪಠಾಣರ ಆಯೇಷಾ ರಜಪೂತ ವೀರನಿಗೆ ಸೋಲುತ್ತಾಳೆ, ಇಲ್ಲಿ ಮೆಹೆರ್ಜಾನ ರಾಮರಾಯನಿಗೆ. ಈ ಪಂಥದಲ್ಲಿ ಗಡಿ ದಾಟಿ ಬರುವ ಪ್ರೀತಿ ಬಹುಮಟ್ಟಿಗೆ ಒಂದೇ ದಿಕ್ಕಿನಿಂದ ಬರುತ್ತದೆ. ಆ ಕಡೆಯ ಹೆಣ್ಣು ಈ ಕಡೆಯ ಗಂಡಿಗೆ ಒಲಿದರೆ ಪ್ರಣಯ, ತಿರುಗುಮುರುಗಾದರೆ ಅಪಹರಣ. ರಣರಂಗದಲ್ಲಿ ಕಳೆದುಕೊಂಡದ್ದನ್ನು ಕಾದಂಬರಿಯ ಅಂತಃಪುರದಲ್ಲಿ ಗೆದ್ದುಕೊಳ್ಳುವ ಈ ಲೆಕ್ಕಾಚಾರ ನೂರು ವರ್ಷವಾದರೂ ಪೂರ್ತಿ ಹೋಗಿಲ್ಲ.

ಶಾಂತಲೆಗೆ ಮರಳೋಣ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ, ನಾಟಕಕಾರ ಕೈಲಾಸಂ ಅವರ ಒಡನಾಡಿ ಕೆ.ವಿ. ಅಯ್ಯರ್ ದೇಹದಾರ್ಢ್ಯದ ಗುರು. ಕಬ್ಬಿಣ ಎತ್ತುತ್ತಿದ್ದ ಕೈ ಬರೆದ ‘ಶಾಂತಲಾ’ ಹೂವಿನಂತೆ ಮೃದು. ಇಂದಿಗೂ ಕೊಂಡು ಓದುವವರಿದ್ದಾರೆ. ನೃತ್ಯ, ಶಿಲ್ಪ, ಗೆಳೆತನ, ಗಂಡನ ಮೇಲಿನ ಒಲವು ಎಲ್ಲವೂ ಒಂದೇ ಹದದಲ್ಲಿ ಬೆಂದಿವೆ. ಲಕ್ಷ್ಮಿ ಸವತಿಯಾಗಿ ಬಂದರೂ ಪ್ರಾಣದ ಗೆಳತಿ. ಕೊನೆಗೆ ಶಾಂತಲೆಯ ಸಾವು ತ್ಯಾಗವಾಗುತ್ತದೆ. ಹದಿನೆಂಟರಲ್ಲಿ ನಾನೂ ಓದಿ ಕಣ್ಣೊರೆಸಿಕೊಂಡವನೇ.

ಆಮೇಲೊಮ್ಮೆ ಬೆಳಗೊಳದಲ್ಲಿ, 1123ರ ಸುಮಾರಿಗೆ ಶಾಂತಲೆಯೇ ಕಟ್ಟಿಸಿದ ಬಸದಿಯ ಮುಂದೆ ನಿಂತಾಗ ಅದರ ಹೆಸರು ತಲೆಗೆ ಹೊಕ್ಕಿತು: ಸವತಿಗಂಧವಾರಣ ಬಸದಿ. ಅದು ಅವಳ ಬಿರುದು. ಸವತಿಯರ ಪಾಲಿಗೆ ಮದ್ದಾನೆ! ತನ್ನ ಬಿರುದಿನ ಹೆಸರನ್ನು ಗುಡಿಗೇ ಇಟ್ಟ ಹೆಣ್ಣು, ಬೇಲೂರಿನಲ್ಲಿ ಗಂಡನ ವಿಜಯನಾರಾಯಣನ ಪಕ್ಕದಲ್ಲೇ ಚೆನ್ನಿಗರಾಯನ ಗುಡಿ ಎತ್ತಿಸಿದ ಹೆಣ್ಣು, ಗಂಡ ವೈಷ್ಣವನಾದರೂ ಜಿನನನ್ನು ಬಿಡದ ಹೆಣ್ಣು. ನಮ್ಮ ಕಾದಂಬರಿ ಈ ಮದ್ದಾನೆಯನ್ನು ಹಿಡಿದು ಪಳಗಿಸಿ, ಸವತಿಗಾಗಿ ಪ್ರಾಣ ಬಿಡುವ ಸಾಧು ಹಸುವನ್ನಾಗಿ ಮಾಡಿತು. ಬಿಟ್ಟ ಜಾಗ ತುಂಬುವುದಕ್ಕೆ ಕಾದಂಬರಿಕಾರನಿಗೆ ಹಕ್ಕಿದೆ. ಕಲ್ಲು ಸ್ಪಷ್ಟವಾಗಿ ಬರೆದಿರುವುದನ್ನೂ ಅಳಿಸಿ ತುಂಬಿದರೆ ಅದು ಕಲ್ಪನೆಯ ದೋಷವಲ್ಲ, ಅಂಜಿಕೆ. ಸಿ.ಕೆ. ನಾಗರಾಜರಾವ್ 1978ರಲ್ಲಿ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ಶಾಸನಗಳ ರಾಶಿಯ ಮೇಲೆಯೇ ಕಟ್ಟಿದರು, ಭಾರತೀಯ ಜ್ಞಾನಪೀಠದ ಮೊದಲ ಮೂರ್ತಿದೇವಿ ಪ್ರಶಸ್ತಿಯೂ ಅದಕ್ಕೆ ಬಂತು. ಆಧಾರ ಹೆಚ್ಚಿತು, ಪುಟವೂ ಹೆಚ್ಚಿತು. ಆದರೆ ಬೆಟ್ಟದ ಮೇಲಿನವರು ಇವತ್ತಿಗೂ ಹೇಳುವುದು ಹಾರಿಕೊಂಡ ಕಥೆಯನ್ನೇ.

ತ.ರಾ.ಸು. ಅವರ ಕಥೆ ಬೇರೆ, ಏಕೆಂದರೆ ಅವರಿಗೆ ಚಿತ್ರದುರ್ಗವಿತ್ತು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ದಿಂದ ಹಿಡಿದು 1982ರ ‘ದುರ್ಗಾಸ್ತಮಾನ’ದವರೆಗೆ ಅವರು ಬರೆದದ್ದು ಒಂದೇ ಕೋಟೆಯ ಚರಿತ್ರೆ. ಮೊದಲ ಮೂರರಲ್ಲಿ ದಳವಾಯಿ ಮುದ್ದಣ್ಣನ ಕುತಂತ್ರ, ರಕ್ತ, ಸೇಡು ದಾಪುಗಾಲು ಹಾಕುತ್ತವೆ. ನಿಜ ಹೇಳಬೇಕೆಂದರೆ ಇವುಗಳ ಮಾತುಕತೆ ಕೆಲವೆಡೆ ಕಂಪನಿ ನಾಟಕದ ರಂಗದಿಂದ ಇಳಿದು ಬಂದಂತಿದೆ. ಎಲ್ಲರೂ ಎದೆ ಸೆಟೆಸಿಯೇ ಮಾತಾಡುತ್ತಾರೆ. ಸುಮ್ಮನೆ ಒಂದು ಲೋಟ ನೀರು ಕೇಳುವವರು ಯಾರೂ ಇಲ್ಲ. ‘ದುರ್ಗಾಸ್ತಮಾನ’ದ ಹೊತ್ತಿಗೆ ಆ ಅಬ್ಬರ ಇಳಿದಿದೆ. ಹುಡುಗನಾಗಿ ಪಟ್ಟಕ್ಕೆ ಬಂದ ಮದಕರಿನಾಯಕನ ಕೋಟೆ 1779ರಲ್ಲಿ ಹೈದರಾಲಿಯ ಕೈಸೇರುವ ತನಕದ ದಾರಿಯನ್ನು ಬರೆಯುವಾಗ ಲೇಖಕರಿಗೂ ಮುಕ್ತಾಯ ಹತ್ತಿರವಿತ್ತು. 1984ರಲ್ಲಿ ಅವರು ತೀರಿಕೊಂಡರು, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ.

ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೃತಿ ‘ಹಂಸಗೀತೆ’. ಅಲ್ಲಿ ರಾಜರ ಪ್ರಣಯವಿಲ್ಲ. ಭೈರವಿ ವೆಂಕಟಸುಬ್ಬಯ್ಯ ಎಂಬ ಸಂಗೀತಗಾರ, ಅವನ ಬದುಕಿಗೆ ಬರುವ ಚಂದ್ರಸಾನಿ, ಟಿಪ್ಪುವಿನ ಮುಂದೆ ಹಾಡಲೊಲ್ಲದೆ ನಾಲಗೆ ಕತ್ತರಿಸಿಕೊಂಡನೆಂಬ ಐತಿಹ್ಯ. ಇಲ್ಲಿಯ ಪ್ರೀತಿಗೆ ಕೋಟೆ ಉರುಳಿಸುವ ಶಕ್ತಿಯಿಲ್ಲ, ಒಂದು ರಾಗವನ್ನು ಹದಗೊಳಿಸುವ ಶಕ್ತಿಯಿದೆ. ಹಿಂದಿಯವರು ಇದನ್ನು 1956ರಲ್ಲೇ ‘ಬಸಂತ್ ಬಹಾರ್’ ಮಾಡಿದರು, ಕನ್ನಡದಲ್ಲಿ ಜಿ.ವಿ. ಅಯ್ಯರ್ ಅವರ ಚಿತ್ರ ಬರಲು 1975ರವರೆಗೆ ಕಾಯಬೇಕಾಯಿತು.

ಈ ಎಲ್ಲ ಮೋಹಕ್ಕೆ ತಣ್ಣೀರು ಎರಚಿದವರು ಮಾಸ್ತಿ. ‘ಚೆನ್ನಬಸವನಾಯಕ’ದಲ್ಲಿ ಬಿದನೂರಿನ ರಾಣಿ ವೀರಮ್ಮಾಜಿ ನಿಂಬಯ್ಯನಿಗೆ ಸೋತಿದ್ದಾಳೆ. ‘ಚಿಕವೀರರಾಜೇಂದ್ರ’ದಲ್ಲಿ ದೊರೆ ಕುಡಿತ, ಹೆಣ್ಣಿನ ಚಪಲ, ಕುಂಟ ಬಸವನ ಸಹವಾಸದಲ್ಲಿ ಮುಳುಗಿದ್ದಾನೆ. ಬಿದನೂರು 1763ರಲ್ಲಿ ಹೈದರನಿಗೆ ಹೋಯಿತು, ಕೊಡಗು 1834ರಲ್ಲಿ ಕಂಪನಿ ಸರ್ಕಾರಕ್ಕೆ. ಇಲ್ಲೂ ಕಾಮ ರಾಜ್ಯ ಕೆಡಿಸುತ್ತದೆ, ಆದರೆ ಹಿನ್ನೆಲೆಯಲ್ಲಿ ವೀಣೆ ನುಡಿಯುವುದಿಲ್ಲ. ಮಾಸ್ತಿಯವರ ಗದ್ಯ ಊರಿನ ಹಿರಿಯರು ಜಗಲಿಯ ಮೇಲೆ ಕೂತು, ಹೀಗಾಯಿತಪ್ಪ, ಹೀಗಾಗಬಾರದಿತ್ತು ಎಂದಂತೆ. ಅವರ ದೊರೆ ದುಷ್ಟನೂ ಅಲ್ಲ, ಪ್ರೇಮಿಯೂ ಅಲ್ಲ. ಯಾರೂ ಹೇಳಿಕೊಡದೆ ಬೆಳೆದ ಹುಡುಗ. ಆದರೆ ಆಸೆ ಪಟ್ಟ ಹೆಣ್ಣಿನ ವಿಷಯಕ್ಕೆ ಬಂದರೆ ಮಾಸ್ತಿಯವರ ಕರುಣೆಯೂ ಒಂದು ಗೆರೆಯ ಈಚೆಗೇ ನಿಲ್ಲುತ್ತದೆ. ದೊರೆಯ ರಾಣಿ ಗೌರಮ್ಮನ ಸಹನೆಗೆ ಸಿಕ್ಕ ಪ್ರೀತಿ ವೀರಮ್ಮಾಜಿಯ ಆಸೆಗೆ ಸಿಗಲಿಲ್ಲ. ಪ್ರಣಯವನ್ನು ಕೊಂಡಾಡಿದವರೂ ಪ್ರಣಯವನ್ನು ಶಂಕಿಸಿದವರೂ ಕೂಡುವ ಜಾಗ ಇದೊಂದೇ: ಬಿಟ್ಟುಕೊಡುವ ಹೆಣ್ಣು ದೇವಿ, ಬೇಕೆನ್ನುವ ಹೆಣ್ಣು ಕೇಡು.

ನವ್ಯದ ಕಾಲದಲ್ಲಿ ಈ ಪ್ರಕಾರ ವಿಮರ್ಶೆಯ ಪಡಸಾಲೆಯಿಂದ ಹೊರಗೆ ಬಿತ್ತು. ಬಾಡಿಗೆ ಪುಸ್ತಕದ ಅಂಗಡಿಯಲ್ಲೂ ಸಿನಿಮಾ ಟೆಂಟಿನಲ್ಲೂ ಅದಕ್ಕೆ ಏನೂ ಆಗಲಿಲ್ಲ. ದೇವುಡು ಅವರ ‘ಮಯೂರ’ 1975ರಲ್ಲಿ ತೆರೆಗೆ ಬಂದಾಗ ಕದಂಬರ ಹುಡುಗನಿಗೆ ರಾಜ್‌ಕುಮಾರ್ ಮುಖವೇ ಖಾಯಂ ಆಯಿತು.

ಇತ್ತೀಚಿನದರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ವಸುಧೇಂದ್ರರ ‘ತೇಜೋ ತುಂಗಭದ್ರಾ’, 2019ರದು. ಒಂದು ದಡದಲ್ಲಿ ಲಿಸ್ಬನ್ನಿನ ತೇಜೋ ನದಿ, ಇನ್ನೊಂದರಲ್ಲಿ ತುಂಗಭದ್ರೆ; ನಡುವೆ ಮೆಣಸಿನ ಆಸೆಗೆ ತೇಲಿ ಬಂದ ಹಡಗುಗಳು. ಯಹೂದಿ ಹುಡುಗಿ ಬೆಲ್ಲಾಳನ್ನು ಮದುವೆಯಾಗಲು ಹಣ ಮಾಡಿಕೊಂಡು ಬರುತ್ತೇನೆಂದು ಗೇಬ್ರಿಯಲ್ ಹೊರಡುತ್ತಾನೆ. ಇತ್ತ ಹಂಪಮ್ಮನ ಬದುಕು ದೊರೆಗಾಗಿ ಪ್ರಾಣ ಕೊಡುವ ಲೆಂಕನ ಪಣ, ಸಹಗಮನಗಳ ನಡುವೆ ಸಿಕ್ಕಿಬೀಳುತ್ತದೆ. ಕೃಷ್ಣದೇವರಾಯನ ಕಾಲವಾದರೂ ಕಥೆ ಆಸ್ಥಾನದ್ದಲ್ಲ, ಬೀದಿಯದು. ಮುಖ್ಯವಾದ ಬದಲಾವಣೆ ಬೇರೊಂದಿದೆ. ಹಳೆಯ ಕಾದಂಬರಿಗಳಲ್ಲಿ ಪ್ರೀತಿ ಇತಿಹಾಸವನ್ನು ತಿರುಗಿಸುತ್ತಿತ್ತು. ಇಲ್ಲಿ ಇತಿಹಾಸ ಪ್ರೀತಿಯನ್ನು ಅರೆಯುತ್ತದೆ. ಮತ, ಮಾರುಕಟ್ಟೆ, ಅರಸನ ಹಟ ಇವುಗಳ ಒರಳಿನಲ್ಲಿ ಒಂದೊಂದು ಜೋಡಿಯೂ ನುಗ್ಗಾಗುತ್ತದೆ. ಕೆಲವು ಕಡೆ ಸಂಶೋಧನೆಯ ಟಿಪ್ಪಣಿಗಳು ಕಥೆಯ ಸೆರಗು ಜಗ್ಗಿದರೂ, ಬಿಡದೆ ಓದಿಸಿಕೊಳ್ಳುತ್ತದೆ. ಸೋದರತ್ತೆ ಇದ್ದಿದ್ದರೆ ಈ ಪುಸ್ತಕದಲ್ಲಿ ಯಾವ ಪುಟವನ್ನೂ ಹಾರಿಸಲು ಆಗುತ್ತಿರಲಿಲ್ಲ, ಯುದ್ಧಕ್ಕೂ ಪ್ರಣಯಕ್ಕೂ ಬೇರೆ ಬೇರೆ ಪುಟವೇ ಇಲ್ಲ.

ಬೆಳಗೊಳದ ಆ ಶಾಸನದಲ್ಲಿ ಇನ್ನೊಂದು ಸಂಗತಿ ಇದೆ. ಮಗಳು ಶಿವಗಂಗೆಯಲ್ಲಿ ತೀರಿಕೊಂಡ ಸುದ್ದಿ ಕೇಳಿದ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ತೊರೆದಳು. ಒಂದು ತಿಂಗಳು. ಆ ಮೂವತ್ತು ದಿನ ಅವಳ ಬಳಿ ಯಾರು ಕೂತಿದ್ದರು, ಮಗಳ ಬಗ್ಗೆ ಅವಳು ಏನೇನು ಹೇಳಿಕೊಂಡಳು, ಅಳಿಯ ನೋಡಲು ಬಂದನೇ? ಶಾಂತಲೆಯ ಒಲವಿನ ಬಗ್ಗೆ ಸಾವಿರ ಪುಟ ಓದಿರುವ ನಾನು ಮಾಚಿಕಬ್ಬೆಯ ಕಾದಂಬರಿಯನ್ನು ಓದಿಲ್ಲ. ಬರೆಯುವವರು ಯಾರಾದರೂ ಇದ್ದರೆ ಬರೆಯಲಿ, ಮಗಳ ಆ ಬಿರುದನ್ನು ಮಾತ್ರ ಅಳಿಸದಿರಲಿ.