ಕಾಟರ್ ಪಿನ್ನಿನ ಪರಂಪರೆಗೆ ಫಿಕ್ಸೆಡ್ ಗೇರಿನ ಪರೀಕ್ಷೆ

ಬೀದರ ಜಿಲ್ಲೆಯ ಸೈಕಲ್ ಅಂಗಡಿಗಳಲ್ಲಿ, ಅದರಲ್ಲೂ ಬಸವಕಲ್ಯಾಣ ಮತ್ತು ಹುಮನಾಬಾದಿನ ಹಳೆಯ ಪೇಟೆಗಳಲ್ಲಿ, ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಹಳೇ ಕಬ್ಬಿಣ ಬಾಗ್ತದ, ಮುರಿಯಂಗಿಲ್ಲ. ಕ್ರ್ಯಾಂಕಿನ ಮಟ್ಟಿಗೆ ಈ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲನ್ನು ಒರೆಗೆ ಹಚ್ಚುವ ಸಂದರ್ಭ ಈ ಭಾಗದ ಕಸುಬುದಾರರಿಗೆ ಬಂದದ್ದು ಕಡಿಮೆ. ಅಜ್ಜನ ಕಾಲದ ಸೈಕಲ್ಲನ್ನು ಅಟ್ಟದಿಂದ ಇಳಿಸಿ ತಂದು, ‘ಇದಕ್ಕ ಫಿಕ್ಸೆಡ್ ಗೇರ್ ಮಾಡಿ ಕೊಡ್ರಿ ಉಸ್ತಾದ್’ ಎನ್ನುವ ಹುಡುಗನಿಗೆ ಯಾವ ಕ್ರ್ಯಾಂಕ್ ಹೇಳಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಮ್ಮ ಸಣ್ಣ ಊರುಗಳ ರಿಪೇರಿ ಪರಂಪರೆಯ ಗಟ್ಟಿತನವೂ ಕೊರತೆಯೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ.

ಈ ಪರಂಪರೆಯ ಮೂಲ ನಿಜಾಮರ ಕಾಲದಲ್ಲಿದೆ. ಕಲ್ಯಾಣವೂ ಹುಮನಾಬಾದೂ 1948ರ ತನಕ ಹೈದರಾಬಾದ್ ಸಂಸ್ಥಾನದ ಊರುಗಳು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಆಗಿನ ಸೈಕಲ್ಲುಗಳು ಇಂಗ್ಲೆಂಡಿನಿಂದ ಬಂದವು: ರ‍್ಯಾಲಿ, ಬಿಎಸ್‌ಎ, ಹರ್ಕ್ಯುಲಿಸ್, ಹಂಬರ್, ಫಿಲಿಪ್ಸ್. ಸ್ವಾತಂತ್ರ್ಯದ ನಂತರ ಅದೇ ನಕ್ಷೆಯ ಸೈಕಲ್ಲು ನಮ್ಮ ದೇಶದಲ್ಲೇ ತಯಾರಾಗತೊಡಗಿತು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1952ರಲ್ಲಿ ಅಸನ್ಸೋಲಿನಲ್ಲಿ ಸೆನ್-ರ‍್ಯಾಲಿ, 1956ರಲ್ಲಿ ಲುಧಿಯಾನದಲ್ಲಿ ಹೀರೊ ಬಂದವು. ಹೆಸರು ಬೇರೆ ಬೇರೆಯಾದರೂ ಕ್ರ್ಯಾಂಕಿನ ಜೋಡಣೆ ಒಂದೇ: ಉಕ್ಕಿನ ತೋಳು, ಉಕ್ಕಿನ ಆಕ್ಸಲ್, ಎರಡನ್ನೂ ಬಿಗಿಯುವ ಒಂದು ಕಾಟರ್ ಪಿನ್ನು. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಮೇಲೆ ಹಳ್ಳಿಹಳ್ಳಿಗೆ ಸೈಕಲ್ಲು ಬಂತು, ಅದರ ಜೊತೆಗೆ ರಿಪೇರಿಯ ಕೆಲಸವೂ ಬಂತು.

ಇಷ್ಟು ದಶಕ ಒಂದೇ ಜೋಡಣೆ ನಡೆದದ್ದರಿಂದ ಒಂದು ದೊಡ್ಡ ಲಾಭವಾಯಿತು. ರಿಪೇರಿಯ ತಿಳಿವಳಿಕೆ ಪುಸ್ತಕವಿಲ್ಲದೆ, ತರಬೇತಿ ಕೇಂದ್ರವಿಲ್ಲದೆ ಕೈಯಿಂದ ಕೈಗೆ ದಾಟಿತು. ಸುತ್ತಿಗೆ, ಪಾನಾ, ಅರ, ಒಂದು ಡಬ್ಬಿ ಗ್ರೀಸು ಇದ್ದರೆ ಕ್ರ್ಯಾಂಕು ಬಿಚ್ಚಬಹುದು, ಸವೆದ ಬೇರಿಂಗ್ ಬಟ್ಟಲು ಬದಲಿಸಬಹುದು, ಪ್ರತಿ ಬದಿಗೆ ಹನ್ನೊಂದರಂತೆ ಕಾಲಿಂಚಿನ ಗುಂಡು ತುಂಬಿ ಮತ್ತೆ ಕೂಡಿಸಬಹುದು. ಬಿಡಿಭಾಗ ಸಂತೆಯಲ್ಲೂ ಸಿಗುತ್ತದೆ. ಬಾಳಿಕೆ ಎಂದರೆ ಮುರಿಯದೆ ಇರುವುದಷ್ಟೇ ಅಲ್ಲ, ಕೆಟ್ಟಾಗ ಇದ್ದ ಊರಲ್ಲೇ ಸರಿಮಾಡಿಕೊಳ್ಳಲು ಬರುವುದು ಎಂಬ ಅಳತೆಗೋಲನ್ನು ಈ ಪರಂಪರೆ ಕಂಡುಕೊಂಡಿದೆ. ದುಬಾರಿ ಸೈಕಲ್ಲುಗಳ ಲೋಕ ಬಹಳ ಕಡೆ ಮರೆತ ಅಳತೆಗೋಲು ಇದು. ಇದಕ್ಕಾಗಿ ನಮ್ಮ ಉಸ್ತಾದರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಆದರೆ ಗೌರವ ಕೊಟ್ಟ ಕಾರಣಕ್ಕೆ ಪರೀಕ್ಷೆ ಬಿಡಬೇಕಿಲ್ಲ. ಈ ಜೋಡಣೆಯ ನಿಜವಾದ ಬಲ ಎಲ್ಲಿದೆ ಎಂದು ಹತ್ತಿರದಿಂದ ನೋಡೋಣ. ಕಾಟರ್ ಪಿನ್ನು ಸುಮಾರು ಒಂಬತ್ತೂವರೆ ಮಿಲಿಮೀಟರ್ ದಪ್ಪದ ಉಕ್ಕಿನ ತುಂಡು. ಒಂದು ಬದಿಯಲ್ಲಿ ಇಳಿಜಾರಾಗಿ ಕೆತ್ತಿದ ಸಪಾಟು ಮುಖ, ತುದಿಯಲ್ಲಿ ಸಣ್ಣ ನಟ್ಟು. ಆಕ್ಸಲ್ಲಿನಲ್ಲಿ ಕೊರೆದ ಸಪಾಟಿನ ಮೇಲೆ ಈ ಮುಖ ಬೆಣೆಯ ಹಾಗೆ ಕೂರಬೇಕು. ಬಿಗಿ ಬರುವುದು ಬೆಣೆಯಿಂದ; ನಟ್ಟು ಪಿನ್ನು ಹಿಂದೆ ಸರಿಯದ ಹಾಗೆ ಹಿಡಿಯುತ್ತದೆ, ಅಷ್ಟೇ. ಪೆಡಲಿನಿಂದ ಆಕ್ಸಲ್ಲಿಗೆ 165 ಮಿಲಿಮೀಟರ್; ಆಕ್ಸಲ್ಲಿನ ನಡುಗೆರೆಯಿಂದ ಪಿನ್ನಿಗೆ ಎಂಟು ಮಿಲಿಮೀಟರಿಗೂ ಕಡಿಮೆ. ಅಂದರೆ ಕಾಲು ಒತ್ತಿದ ಭಾರ ಪಿನ್ನಿನ ಹತ್ತಿರ ಇಪ್ಪತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಅರವತ್ತು ಕಿಲೋ ತೂಕದವನು ಪೆಡಲಿನ ಮೇಲೆ ಎದ್ದು ನಿಂತರೆ ಆ ಬೆರಳುದ್ದದ ಉಕ್ಕಿನ ಮೇಲೆ ಸಾವಿರದ ಇನ್ನೂರು ಕಿಲೋಗೂ ಮೀರಿದ ಒತ್ತಡ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚೈನ್ ವೀಲ್ ಇರುವುದು ಬಲ ತೋಳಿನ ಮೇಲೆ. ಬಲಗಾಲಿನ ಬಲ ನೇರವಾಗಿ ಚೈನಿಗೆ ಹೋಗುತ್ತದೆ. ಎಡಗಾಲಿನ ಬಲ ಮಾತ್ರ ಎಡ ಪಿನ್ನು, ಆಕ್ಸಲ್ಲು, ಬಲ ಪಿನ್ನು ಹೀಗೆ ಎರಡು ಬೆಣೆ ದಾಟಿ ಹೋಗಬೇಕು. ಸಾಮಾನ್ಯ ಸೈಕಲ್ಲಿನಲ್ಲಿ ಈ ಬಲ ಬಹುತೇಕ ಒಂದೇ ದಿಕ್ಕಿನದು: ಮುಂದಕ್ಕೆ. ಹಿಂದಕ್ಕೆ ತುಳಿದರೆ ಫ್ರೀವೀಲ್ ಕಟಕಟ ಎಂದು ತಿರುಗುತ್ತದೆ, ಪಿನ್ನಿಗೆ ಏನೂ ತಾಕುವುದಿಲ್ಲ. ಪಿನ್ನು ಸ್ವಲ್ಪ ಸಡಿಲಿದ್ದರೂ ಬಲ ಒಂದೇ ಕಡೆ ಒತ್ತಿ ಹಿಡಿದಿರುವುದರಿಂದ ಸೈಕಲ್ಲು ನಡೆದುಬಿಡುತ್ತದೆ. ನಮ್ಮ ಪರಂಪರೆಯ ತಪ್ಪುಗಳನ್ನೆಲ್ಲ ಇಷ್ಟು ಕಾಲ ಮುಚ್ಚಿಟ್ಟದ್ದು ಈ ಫ್ರೀವೀಲ್.

ಫಿಕ್ಸೆಡ್ ಗೇರಿನಲ್ಲಿ ಆ ರಕ್ಷಣೆ ಇಲ್ಲ. ಗಾಲಿ ತಿರುಗುವ ತನಕ ಪೆಡಲೂ ತಿರುಗಲೇಬೇಕು. ವೇಗ ಇಳಿಸಲು ಸವಾರ ಪೆಡಲಿಗೆ ಎದುರಾಗಿ ಕಾಲು ಒತ್ತುತ್ತಾನೆ. ಆಗ ಬಲದ ದಿಕ್ಕು ತಿರುಗುತ್ತದೆ. ಮತ್ತೆ ತುಳಿದಾಗ ಮತ್ತೆ ತಿರುಗುತ್ತದೆ. ಕೂದಲೆಳೆಯಷ್ಟು ಸಡಿಲವಿದ್ದರೂ ಪಿನ್ನಿನ ಮುಖ ಆ ಕಡೆ ಈ ಕಡೆ ಜಜ್ಜಿಸಿಕೊಳ್ಳುತ್ತದೆ. ಫ್ರೀವೀಲ್ ಸೈಕಲ್ಲಿನಿಂದ ತೆಗೆದ ಹಳೆಯ ಪಿನ್ನಿನಲ್ಲಿ ಸವೆತ ಸಾಮಾನ್ಯವಾಗಿ ಒಂದೇ ಅಂಚಿಗೆ ಹೆಚ್ಚು. ಫಿಕ್ಸೆಡ್ ಸೈಕಲ್ಲಿನ ಸಡಿಲ ಪಿನ್ನಿನಲ್ಲಿ ಎರಡೂ ಅಂಚು ತಿಂದು ಮುಖ ಉಬ್ಬಿದಂತೆ ಉಳಿಯುತ್ತದೆ. 44 ಹಲ್ಲಿನ ಚೈನ್ ವೀಲು, ಹಿಂದೆ 18 ಹಲ್ಲು, 28 ಇಂಚಿನ ಗಾಲಿ ಎಂದಿಟ್ಟುಕೊಂಡರೆ ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್ ದಾರಿ. ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿಲೋಮೀಟರ್. ಒಂದೂ ಬಿಡುವಿಲ್ಲದ ಐದೂವರೆ ಸಾವಿರ ಸುತ್ತು. ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ವೇಗ ಹೆಚ್ಚಿಸುತ್ತ ತಗ್ಗಿಸುತ್ತ ಸಾಗುವವನ ಪಿನ್ನಿಗೆ ಈ ಹೊಡೆತ ಎಷ್ಟು ಬಾರಿ ಬೀಳಬಹುದು, ಊಹಿಸಿ.

ಇಲ್ಲಿ ನಮ್ಮ ಪರಂಪರೆ ಮೂರು ಕಡೆ ಎಡವುತ್ತದೆ. ಮೊದಲನೆಯದು ಸುತ್ತಿಗೆ ಪೆಟ್ಟು. ಕ್ರ್ಯಾಂಕಿನ ಕೆಳಗೆ ಗಟ್ಟಿಯಾದ ಪೈಪಿನ ತುಂಡು ನಿಲ್ಲಿಸಿ, ಅದರ ಇನ್ನೊಂದು ತುದಿಯನ್ನು ನೆಲಕ್ಕೆ ಊರಿ ಹೊಡೆದರೆ ಪೆಟ್ಟು ನೆಲಕ್ಕೆ ಇಳಿಯುತ್ತದೆ. ಆಸರೆಯಿಲ್ಲದೆ ಹೊಡೆದರೆ ಅದೇ ಪೆಟ್ಟು ಬಟ್ಟಲಿನೊಳಗಿನ ಗುಂಡುಗಳ ಮೇಲೆ ಬಿದ್ದು ಗುಳಿ ಮಾಡುತ್ತದೆ. ಅವಸರದ ಅಂಗಡಿಯಲ್ಲಿ ಆಸರೆ ಕೊಡುವವರು ಕಡಿಮೆ. ಎರಡನೆಯದು ಪಿನ್ನಿನ ಗುಣಮಟ್ಟ. ಅಗ್ಗದ ಪಿನ್ನು ಎಷ್ಟು ಮೆತ್ತಗಿರುತ್ತದೆಂದರೆ ಅರ ಇಟ್ಟರೆ ಸೀಮೆಸುಣ್ಣದಂತೆ ಪುಡಿ ಉದುರುತ್ತದೆ. ತೂತು ಅಗಲವಾಗಿದ್ದರೆ ತಗಡಿನ ಪಟ್ಟಿ ಸೇರಿಸಿ ಬಡಿಯುವ ರೂಢಿಯೂ ಇದೆ. ಅದು ಒಂದು ವಾರದ ಶಾಂತಿ, ಅಷ್ಟೇ. ಮೂರನೆಯದು ವೆಲ್ಡಿಂಗ್. ಪದೇ ಪದೇ ಸಡಿಲಾಗುವ ಕ್ರ್ಯಾಂಕನ್ನು ಆಕ್ಸಲ್ಲಿಗೇ ಬೆಸೆದರೆ ಬಟ್ಟಲು, ಗುಂಡು ಮತ್ತೆ ಬದಲಿಸಲು ದಾರಿ ಉಳಿಯುವುದಿಲ್ಲ, ಕಾಯ್ದ ಉಕ್ಕಿನ ಗಡಸುತನವೂ ಹೋಗುತ್ತದೆ. ಬಿಚ್ಚಿ ಕೂಡಿಸುವುದೇ ಈ ಪರಂಪರೆಯ ಹಿರಿಮೆಯಾದರೆ, ವೆಲ್ಡಿಂಗ್ ಅದೇ ಹಿರಿಮೆಗೆ ಕೊಡಲಿ ಪೆಟ್ಟು. ಫ್ರೀವೀಲನ್ನೇ ವೆಲ್ಡ್ ಮಾಡಿ ಫಿಕ್ಸೆಡ್ ಎನ್ನುವುದೂ ಇದೇ ಜಾತಿಯ ಕೆಲಸ. ಫಿಕ್ಸೆಡ್ ಹಬ್ಬಿನಲ್ಲಿ ಹಲ್ಲುಚಕ್ರವನ್ನು ಎಡ ಮರೆಯ ಲಾಕ್ ರಿಂಗು ಹಿಡಿದಿರಬೇಕು. ಅದಿಲ್ಲದಿದ್ದರೆ ಹಿಂದಕ್ಕೆ ಒತ್ತಿದಾಗ ಚಕ್ರ ಬಿಚ್ಚಿಕೊಂಡು ಬರುತ್ತದೆ.

ಇದಕ್ಕೆ ಎದುರಾಗಿ ನಿಂತಿರುವುದು ಸಂಗ್ರಹಕಾರರ ಪಂಥ. ದೊಡ್ಡ ನಗರಗಳ ಹವ್ಯಾಸಿಗಳ ಮೂಲಕ ನಮ್ಮಲ್ಲಿಗೂ ಬರುತ್ತಿರುವ ಈ ಪಂಥಕ್ಕೆ ಹಳೆಯ ಯುರೋಪಿಯನ್ ಅಲ್ಯೂಮಿನಿಯಂ ಕ್ರ್ಯಾಂಕುಗಳೇ ಆದರ್ಶ. ಫ್ರಾನ್ಸಿನ ಸ್ಟ್ರಾಂಗ್‌ಲೈಟ್ ಕಂಪನಿ 1933ರಲ್ಲಿ ಕಾಟರ್ ಇಲ್ಲದ ಅಲ್ಯೂಮಿನಿಯಂ ಕ್ರ್ಯಾಂಕನ್ನು ತಂದಿತು: ಆಕ್ಸಲ್ಲಿನ ತುದಿ ಚೌಕ, ಸ್ವಲ್ಪ ಮೊನಚು, ಅದರ ಮೇಲೆ ತೋಳನ್ನು ಬೋಲ್ಟಿನಿಂದ ಎಳೆದು ಕೂಡಿಸುವುದು. ಇಟಲಿಯ ಕಂಪನ್ಯೋಲೋ 1958ರಲ್ಲಿ ತಂದ ರೆಕಾರ್ಡ್ ಕ್ರ್ಯಾಂಕು ಇದೇ ದಾರಿಯಲ್ಲಿ ಹೆಸರು ಮಾಡಿತು. ಹಿಂದೆಮುಂದೆ ಬಲ ಬೀಳುವ ಕಡೆ ಈ ಚೌಕದ ಜೋಡಣೆ ಕಾಟರ್ ಪಿನ್ನಿಗಿಂತ ಮೇಲು, ಇದರಲ್ಲಿ ಸಂಶಯವಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಟ್ರ್ಯಾಕಿನಲ್ಲಿ ಓಡಿಸುವ ಬ್ರೇಕಿಲ್ಲದ ಫಿಕ್ಸೆಡ್ ಸೈಕಲ್ಲುಗಳಿಗೆ ಕಾಟರ್ ಪಿನ್ನು ಹಾಕಿ ಸ್ಪರ್ಧೆಗೆ ಇಳಿಸುವ ಮಾತೇ ಇಲ್ಲ.

ಆದರೂ ಈ ಪಂಥ ಹೊಳಪನ್ನೇ ಬಾಳಿಕೆ ಎಂದುಕೊಂಡಿದೆ. ಉಕ್ಕಿಗೆ ಒಂದು ಮಿತಿಯೊಳಗಿನ ಒತ್ತಡ ಎಷ್ಟು ಸಾರಿ ಬಿದ್ದರೂ ಆಯಾಸವಿಲ್ಲ. ಅಲ್ಯೂಮಿನಿಯಂಗೆ ಆ ಮಿತಿಯೇ ಇಲ್ಲ. ಪ್ರತಿ ತುಳಿತವೂ ಅದರ ಆಯುಷ್ಯದಿಂದ ಒಂದಿಷ್ಟು ಕಳೆಯುತ್ತದೆ. ಐವತ್ತು ವರ್ಷದ ತೋಳು ಎಷ್ಟು ತುಳಿಸಿಕೊಂಡಿದೆ ಎಂದು ಪಾಲಿಶ್ ಹೇಳುವುದಿಲ್ಲ. ಆ ಕಾಲದ ಕಂಪನ್ಯೋಲೋ ಕ್ರ್ಯಾಂಕುಗಳಲ್ಲಿ ಬಲ ತೋಳೂ ಚೈನ್ ವೀಲ್ ಹಿಡಿಯುವ ಐದು ಕವಲುಗಳೂ ಕೂಡುವ ಸಂದಿನಲ್ಲಿ ಬಿರುಕು ಬಿಡುವುದು ಬಲ್ಲವರಿಗೆ ಗೊತ್ತಿರುವ ಸಂಗತಿ. ಪೆಡಲ್ ತಿರುಪುವ ಕಣ್ಣೂ ಇನ್ನೊಂದು ಅಪಾಯದ ಜಾಗ. ಉಕ್ಕಿನ ತೋಳು ಬಾಗಿ ಮುನ್ಸೂಚನೆ ಕೊಡುತ್ತದೆ, ಅಲ್ಯೂಮಿನಿಯಂ ಒಮ್ಮೆಲೇ ಕೈಬಿಡುತ್ತದೆ. ಬಿಚ್ಚುವ ಸಾಧನವೂ ಎಲ್ಲಕ್ಕೂ ಒಂದೇ ಅಲ್ಲ: ಬಹುತೇಕ ಕ್ರ್ಯಾಂಕುಗಳಿಗೆ 22 ಮಿಲಿಮೀಟರಿನದು, ಹಳೆಯ ಟಿಎ ಕಂಪನಿಯದಕ್ಕೆ 23, ಹಳೆಯ ಸ್ಟ್ರಾಂಗ್‌ಲೈಟಿಗೆ 23.35. ಕೈಗೆ ಸಿಗದ ಸಾಧನವನ್ನು ಬೇಡುವ ಕ್ರ್ಯಾಂಕು ಹುಮನಾಬಾದಿನ ಮಟ್ಟಿಗೆ ಬಾಳಿಕೆಯದ್ದಲ್ಲ.

ಹಾಗಾದರೆ ಆಯ್ಕೆ ಹೇಗೆ? ಹಳೆಯ ಉಕ್ಕಿನ ಕ್ರ್ಯಾಂಕು ಆರಿಸುವವರು ಮೊದಲು ಚೈನ್ ವೀಲ್ ನೋಡಿ ಮೋಹಗೊಳ್ಳುತ್ತಾರೆ. ರ‍್ಯಾಲಿಯ ಕೊಕ್ಕರೆಯ ತಲೆ, ಹಂಬರಿನ ಪುಟ್ಟ ಮನುಷ್ಯರು, ಬಿಎಸ್‌ಎಯ ಮೂರು ಅಕ್ಷರ ಇವೆಲ್ಲ ಚೆಂದ, ಗುರುತಿಗೂ ಉಪಯೋಗ. ಆದರೆ ಮೊದಲು ನೋಡಬೇಕಾದದ್ದು ಪಿನ್ನಿನ ತೂತು. ಅದು ದುಂಡಗಿರಬೇಕು, ಮೊಟ್ಟೆಯಾಕಾರಕ್ಕೆ ಹಿಗ್ಗಿರಬಾರದು. ಆಕ್ಸಲ್ಲಿನ ಸಪಾಟಿನ ಮೇಲೆ ಉಗುರು ಎಳೆದರೆ ಮೆಟ್ಟಿಲು ತಾಕಬಾರದು. ಎರಡೂ ಪಿನ್ನುಗಳ ಇಳಿಜಾರು ಒಂದೇ ಇರಬೇಕು, ಎದುರುಬದುರು ದಿಕ್ಕಿನಲ್ಲಿ ಕೂರಬೇಕು. ಇಲ್ಲವಾದರೆ ಎರಡು ತೋಳು ನೇರ ಗೆರೆಯಲ್ಲಿ ನಿಲ್ಲುವುದಿಲ್ಲ. ತೋಳಿನ ಉದ್ದ ಆರೂವರೆ ಇಂಚು, ಅಂದರೆ 165 ಮಿಲಿಮೀಟರ್ ಇದ್ದರೆ ಒಳ್ಳೆಯದು: ಫಿಕ್ಸೆಡ್ ಸವಾರ ತಿರುವಿನಲ್ಲಿ ಪೆಡಲನ್ನು ಮೇಲೆ ಹಿಡಿದು ನಿಲ್ಲಿಸಲಾರ, ಉದ್ದ ತೋಳು ನೆಲಕ್ಕೆ ತಾಗುವ ಸಂಭವ ಹೆಚ್ಚು. ಹಳೆಯ ಸೈಕಲ್ಲಿನ ಅರ್ಧ ಇಂಚು, ಎಂಟನೇ ಒಂದು ಇಂಚಿನ ಚೈನೇ ಫಿಕ್ಸೆಡ್ ಗೇರಿಗೂ ಸರಿಹೋಗುವುದು ಒಂದು ಅನುಕೂಲ. ಗಡಸು ಪಿನ್ನು ತಂದು, ಮುಖವನ್ನು ಅರದಿಂದ ಹೊಂದಿಸಿ, ಸುತ್ತಿಗೆಯ ಬದಲು ಲೇತ್ ಅಂಗಡಿಯಲ್ಲಿ ಮಾಡಿಸಿದ ಸಣ್ಣ ಪ್ರೆಸ್ಸಿನಿಂದ ಒತ್ತಿ ಕೂಡಿಸಬೇಕು. ಮೊದಲ ಓಟದ ಬಳಿಕ ಇನ್ನೊಮ್ಮೆ ಒತ್ತಿ, ಆಮೇಲೆ ನಟ್ಟು ಬಿಗಿಯಬೇಕು. ಪೇಟೆ, ಶಾಲೆ, ಹೊಲದ ದಾರಿಗೆ ಇಷ್ಟು ಸಾಕು.

ದಿನವೂ ಹೆದ್ದಾರಿಯಲ್ಲಿ ದೂರ ಹೋಗುವವರಿಗೆ, ಅಥವಾ ಸ್ಪರ್ಧೆಯ ಅಭ್ಯಾಸಕ್ಕೆ, ಚೌಕ ಆಕ್ಸಲ್ಲಿನ ಕ್ರ್ಯಾಂಕೇ ಬೇಕು. ಆದರೆ 22 ಮಿಲಿಮೀಟರ್ ಸಾಧನಕ್ಕೆ ಬಿಚ್ಚುವಂಥದ್ದು, ಭೂತಗನ್ನಡಿ ಹಿಡಿದು ಸಂದು ಮತ್ತು ಪೆಡಲ್ ಕಣ್ಣು ಪರೀಕ್ಷಿಸಿದ್ದು, ಬೋಲ್ಟನ್ನು 35ರಿಂದ 40 ನ್ಯೂಟನ್ ಮೀಟರ್ ಬಿಗಿಗೆ ಕೂಡಿಸಿದ್ದು ಇರಬೇಕು. ಸಡಿಲ ಬೋಲ್ಟಿನಲ್ಲಿ ಸ್ವಲ್ಪ ದೂರ ಓಡಿಸಿದರೂ ಚೌಕದ ತೂತು ದುಂಡಾಗಿ ತೋಳು ಹಾಳಾಗುತ್ತದೆ. ಯಾವ ಕ್ರ್ಯಾಂಕೇ ಇರಲಿ, ಮುಂದಿನ ಬ್ರೇಕು ತೆಗೆಯಕೂಡದು. ಟ್ರ್ಯಾಕಿನ ನಿಯಮ ರಸ್ತೆಗೆ ಬರುವುದಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನೂ ಶರಣರ ಸಾಲಿನಲ್ಲಿ ಸಮಾನವಾಗಿ ಕೂತರು. ಕೈಕೆಲಸಕ್ಕೆ ಅಂಥ ಘನತೆ ಕೊಟ್ಟ ಊರಿನಲ್ಲಿ ಸೈಕಲ್ ಕಸುಬನ್ನು ಹೊಗಳಿ ಬಿಟ್ಟುಬಿಡುವುದು ಅದಕ್ಕೆ ಮಾಡುವ ಅನ್ಯಾಯ. ಕೆಲಸ ಘನವಾದದ್ದರಿಂದಲೇ ಅದರ ತಪ್ಪನ್ನೂ ಗಂಭೀರವಾಗಿ ಎಣಿಸಬೇಕು.

ನನ್ನ ತೀರ್ಪು ಇಷ್ಟು: ಬಾಳಿಕೆ ಇರುವುದು ಜೋಡಣೆಯಲ್ಲಿ; ಹೆಸರೂ ವಯಸ್ಸೂ ಅದಕ್ಕೆ ಸಾಕ್ಷಿಯಾಗಲಾರವು. ಆ ಮಟ್ಟಿಗೆ ಉಸ್ತಾದರ ಪರಂಪರೆಯ ತತ್ವ ಸರಿ, ಸಂಗ್ರಹಕಾರರ ತತ್ವ ತಪ್ಪು. ಆದರೆ ತತ್ವ ಸರಿಯಿದ್ದೂ ಕೈ ಅವಸರಪಟ್ಟರೆ ಫಿಕ್ಸೆಡ್ ಗೇರು ಕ್ಷಮಿಸುವುದಿಲ್ಲ. ಐಟಿಐಗಳಲ್ಲಿ ಫಿಟ್ಟರ್ ಕಲಿಯುವ ಹುಡುಗರಿಗೆ ಕಾಟರ್ ಪ್ರೆಸ್ ಒಂದನ್ನು ತಯಾರಿಸುವ ಪಾಠ ಕೊಟ್ಟರೆ, ಪೇಟೆಯ ಅಂಗಡಿಗಳು ಗಡಸು ಪಿನ್ನನ್ನೇ ಇಡುವ ಪಣ ತೊಟ್ಟರೆ, ಗಿರಾಕಿ ಹತ್ತು ರೂಪಾಯಿ ಹೆಚ್ಚು ಕೊಟ್ಟು ಅದನ್ನೇ ಕೇಳಿದರೆ, ಈ ಪರಂಪರೆ ಇನ್ನೊಂದು ತಲೆಮಾರು ತಲೆಯೆತ್ತಿ ನಡೆಯುತ್ತದೆ. ಇದಕ್ಕೆ ಬೇಕಾದ ಕಬ್ಬಿಣವೂ ಕೈಯೂ ಬುದ್ಧಿಯೂ ಬಸವಕಲ್ಯಾಣ, ಹುಮನಾಬಾದಿನಲ್ಲಿ ಈಗಾಗಲೇ ಇವೆ.