ಹಲಾಲ್ ಮುದ್ರೆ ಮತ್ತು ನಮ್ಮ ಹೊಣೆ

ಊರಿನ ಮಾಂಸದಂಗಡಿಯವನು ಪರಿಚಯದವನಾಗಿದ್ದ ಕಾಲದಲ್ಲಿ ಹಲಾಲ್ ಪ್ರಮಾಣಪತ್ರ ಯಾರಿಗೂ ಬೇಕಿರಲಿಲ್ಲ. ಕೊಯ್ಯುವವನು ಯಾರೆಂದು ಗೊತ್ತಿತ್ತು, ಅವನು ಅಲ್ಲಾಹನ ಹೆಸರು ಹೇಳಿಯೇ ಕೊಯ್ಯುತ್ತಾನೆಂಬ ನಂಬಿಕೆಯಿತ್ತು. ಇಂದು ನಮ್ಮ ಮನೆಗೆ ಬರುವ ಚಾಕಲೇಟು, ಚೀಸ್, ಐಸ್‌ಕ್ರೀಮ್, ಔಷಧಿಯ ಕ್ಯಾಪ್ಸೂಲ್‌ಗಳನ್ನು ಯಾರು, ಎಲ್ಲಿ, ಏನು ಬೆರೆಸಿ ತಯಾರಿಸಿದರೆಂದು ನಮಗೆ ತಿಳಿಯದು. ಜೆಲಾಟಿನ್ ಹಂದಿಯ ಚರ್ಮದಿಂದಲೂ ಬರುತ್ತದೆ, ಜಾನುವಾರಿನ ಮೂಳೆಯಿಂದಲೂ ಬರುತ್ತದೆ. ಪೊಟ್ಟಣದ ಮೇಲೆ ಇರುವುದು ಬರೇ ಒಂದು ಹೆಸರು ಅಥವಾ ಸಂಕೇತ ಸಂಖ್ಯೆ. ಹಲಾಲ್ ಮುದ್ರೆಯ ಅಗತ್ಯ ಹುಟ್ಟಿದ್ದು ಇಲ್ಲಿ.

ಇಂಡೋನೇಷ್ಯಾದ ಒಂದು ಘಟನೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಅಜಿನೊಮೊಟೊ ಕಂಪೆನಿಯ ರುಚಿಪುಡಿಗೆ ಹಲಾಲ್ ಮನ್ನಣೆಯಿತ್ತು. ಆದರೆ ಅದರ ತಯಾರಿಕೆಯಲ್ಲಿ ಬಳಸುವ ಬ್ಯಾಕ್ಟೀರಿಯಾಗಳ ಆಹಾರವನ್ನು ಸಿದ್ಧಪಡಿಸಲು ಹಂದಿಯಿಂದ ತೆಗೆದ ಕಿಣ್ವವನ್ನು ಬಳಸಲಾಗಿದೆ ಎಂಬುದು ಬೆಳಕಿಗೆ ಬಂತು. ಉಲಮಾ ಮಂಡಳಿ ಅದನ್ನು ಹರಾಮ್ ಎಂದಿತು. 2001ರ ಜನವರಿಯಲ್ಲಿ ಸರಕುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಸ್ವತಃ ವಿದ್ವಾಂಸರಾಗಿದ್ದ ಅಧ್ಯಕ್ಷ ಅಬ್ದುರ್ರಹ್ಮಾನ್ ವಾಹಿದ್, ಅಂತಿಮ ಉತ್ಪನ್ನದಲ್ಲಿ ಹಂದಿಯ ಅಂಶವಿಲ್ಲ, ಆದ್ದರಿಂದ ಅದು ಹಲಾಲ್ ಎಂದರು. ಯಾರ ವಾದ ಸರಿ ಎಂಬುದು ಫಿಕ್ಹ್‌ನ ವಿಷಯ. ಆದರೆ ಒಂದಂತೂ ಸ್ಪಷ್ಟ: ಅಧ್ಯಕ್ಷರೂ ಉಲಮಾಗಳೂ ಭಿನ್ನಾಭಿಪ್ರಾಯ ಹೊಂದುವಷ್ಟು ಜಟಿಲವಾದ ವಿಷಯವನ್ನು ಅಂಗಡಿಯ ಮುಂದೆ ನಿಂತ ಗೃಹಿಣಿ ಒಬ್ಬಳೇ ತೀರ್ಮಾನಿಸಲಾರಳು. ಮುಂದೆ ಆ ದೇಶ 2014ರಲ್ಲಿ ಹಲಾಲ್ ಖಾತರಿಗೆಂದೇ ಕಾನೂನು ಮಾಡಿತು.

ನಮ್ಮ ದೇಶದಲ್ಲಿ ನಡೆದದ್ದೇ ಬೇರೆ. 2022ರ ಯುಗಾದಿಯ ಹೊತ್ತಿಗೆ ಕರ್ನಾಟಕದಲ್ಲಿ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ಎದ್ದಿತು. 2023ರ ನವೆಂಬರ್‌ನಲ್ಲಿ ಉತ್ತರಪ್ರದೇಶ ಸರಕಾರ ಹಲಾಲ್ ಪ್ರಮಾಣಪತ್ರವಿರುವ ಆಹಾರದ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿತು, ರಫ್ತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಅಂದರೆ ಹಲಾಲ್ ಮುದ್ರೆ ವಿದೇಶೀ ಹಣ ತರುವಾಗ ಸ್ವೀಕಾರಾರ್ಹ, ಸ್ವಂತ ನಾಗರಿಕ ಕೇಳಿದಾಗ ಅಪರಾಧ. ಇದು ಯಾವ ನ್ಯಾಯ?

ಸಸ್ಯಾಹಾರಿಗಳಿಗಾಗಿ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ಕಾನೂನೇ ಕಡ್ಡಾಯ ಮಾಡಿದೆ. ಅದನ್ನು ಯಾರೂ ಹೇರಿಕೆ ಎನ್ನುವುದಿಲ್ಲ, ಎನ್ನಲೂಬಾರದು. 2021ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಆಹಾರದ ಪ್ರತಿಯೊಂದು ಘಟಕವೂ ಸಸ್ಯಮೂಲದ್ದೋ ಪ್ರಾಣಿಮೂಲದ್ದೋ ಎಂಬುದನ್ನು ತಿಳಿಸಬೇಕೆಂದಿತು. ಆ ಅರ್ಜಿ ಸಲ್ಲಿಸಿದ್ದು ಗೋರಕ್ಷಣೆಯ ಒಂದು ಸಂಘಟನೆ. ತಾನು ತಿನ್ನುವುದೇನೆಂದು ತಿಳಿಯುವ ಹಕ್ಕು ಅವರಿಗಿದ್ದರೆ ಮುಸ್ಲಿಮರಿಗೂ ಇದೆ. ಹಲಾಲ್ ಮುದ್ರೆ ಇತರರಿಗೆ ತಿನ್ನಿರೆಂದು ಹೇಳುವುದಿಲ್ಲ, ಬೇಕಾದವರಿಗೆ ಮಾಹಿತಿ ಕೊಡುತ್ತದೆ, ಅಷ್ಟೆ.

ಆದರೆ ಇಷ್ಟಕ್ಕೆ ನಮ್ಮ ಮಾತು ಮುಗಿಯಬಾರದು. ವಿರೋಧಿಗಳ ಆಕ್ಷೇಪಗಳಲ್ಲಿ ಒಂದಕ್ಕೆ ನಾವು ಉತ್ತರ ಕೊಡಲೇಬೇಕು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸರಕಾರದ ಪರ ವಕೀಲರು, ಹಿಟ್ಟಿಗೂ ನೀರಿನ ಬಾಟಲಿಗೂ ಹಲಾಲ್ ಮುದ್ರೆ ಏಕೆ ಎಂದು ಕೇಳಿದರು. ಕೇಳಿದವರ ಉದ್ದೇಶ ಏನೇ ಇರಲಿ, ಪ್ರಶ್ನೆ ಅಪ್ರಸ್ತುತವಲ್ಲ. ಕೆಲವು ದೇಶಗಳಿಗೆ ರಫ್ತು ಮಾಡಲು ಅದು ಬೇಕಾಗಬಹುದು. ಆದರೆ ಶರೀಅತ್‌ನಲ್ಲಿ ಆಹಾರದ ಮೂಲ ನಿಯಮ ಹಲಾಲ್, ನಿಷಿದ್ಧವಾದವು ಕೆಲವೇ. ಶುದ್ಧ ನೀರಿಗೂ ಮುದ್ರೆ ಬೇಕೆಂಬ ಭಾವನೆ ಬೆಳೆದರೆ ಅದು ಧರ್ಮಶ್ರದ್ಧೆಯಲ್ಲ, ಸಂಶಯದ ವ್ಯಾಪಾರ. ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರು ತಂದ ಮಾಂಸದ ಮೇಲೆ ಅಲ್ಲಾಹನ ಹೆಸರು ಹೇಳಲಾಗಿದೆಯೋ ಇಲ್ಲವೋ ಎಂದು ಕೆಲವರು ಕೇಳಿದಾಗ, ನೀವು ಅಲ್ಲಾಹನ ಹೆಸರು ಹೇಳಿ ತಿನ್ನಿರೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಜಾಗರೂಕತೆ ಬೇರೆ, ಗೀಳು ಬೇರೆ.

ಪ್ರಮಾಣಪತ್ರ ಕೊಡುವ ಸಂಸ್ಥೆಗಳು ತಮ್ಮ ಶುಲ್ಕ, ಪರೀಕ್ಷೆಯ ವಿಧಾನ ಮತ್ತು ಲೆಕ್ಕಪತ್ರಗಳನ್ನು ಜನರ ಮುಂದಿಡಬೇಕು. ಎಲ್ಲರೂ ಒಪ್ಪುವ ಒಂದೇ ಮಾನದಂಡ ಬೇಕು. ಪಾರದರ್ಶಕತೆ ಇಲ್ಲದಿದ್ದಾಗ ಅಪಪ್ರಚಾರಕ್ಕೆ ದಾರಿಯಾಗುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ನಮ್ಮೊಳಗಿದೆ. ಕುರ್‌ಆನ್ ಹಲಾಲ್ ಎಂಬ ಪದದ ಜೊತೆಯಲ್ಲೇ ತಯ್ಯಿಬ್, ಅಂದರೆ ಶುದ್ಧವಾದುದು ಎಂಬ ಪದವನ್ನೂ ಬಳಸಿದೆ. ನಾವು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಟ್ಟಿದ್ದೇವೆ. ಹಲಾಲ್ ಎಂಬ ಬೋರ್ಡಿನ ಕೆಳಗೆ ನೊಣ ಮುತ್ತಿದ ಮಾಂಸ, ಪಕ್ಕದಲ್ಲಿ ಚರಂಡಿ, ಕೋಳಿಗಳ ಎದುರಿನಲ್ಲೇ ಮೊಂಡು ಕತ್ತಿಯಿಂದ ಕೋಳಿ ಕೊಯ್ಯುವುದು, ಇವೆಲ್ಲ ನಾವು ದಿನವೂ ಕಾಣುವ ದೃಶ್ಯಗಳು. ಕತ್ತಿಯನ್ನು ಹರಿತಗೊಳಿಸಿ, ಪ್ರಾಣಿಗೆ ನೋವಾಗದಂತೆ ಕೊಯ್ಯಿರಿ ಎಂಬ ಪ್ರವಾದಿ(ಸ) ಬೋಧನೆ ಅಲ್ಲಿ ಎಲ್ಲಿದೆ?

ಇನ್ನು ಹಣದ ವಿಷಯ. ಹರಾಮ್ ಉಂಡು, ಹರಾಮ್ ಉಟ್ಟು ಎರಡೂ ಕೈಯೆತ್ತಿ ಪ್ರಾರ್ಥಿಸುವವನ ಪ್ರಾರ್ಥನೆ ಸ್ವೀಕೃತವಾಗುವುದಾದರೂ ಹೇಗೆ ಎಂಬ ಎಚ್ಚರಿಕೆ ಹದೀಸ್‌ನಲ್ಲಿದೆ. ಹುಡುಗಿಯ ತಂದೆ ಮನೆ ಅಡವಿಟ್ಟು ಕೊಟ್ಟ ವರದಕ್ಷಿಣೆಯಿಂದ ಮದುವೆ ಮಾಡಿ, ಔತಣದ ಬಿರಿಯಾನಿಯ ಕೋಳಿ ಹಲಾಲೋ ಎಂದು ವಿಚಾರಿಸುವವರು ನಮ್ಮ ನಡುವೆ ಇದ್ದಾರೆ. ಕೋಳಿ ಹಲಾಲೇ ಇರಬಹುದು. ಅದನ್ನು ಕೊಂಡ ಹಣ?

ಹಲಾಲ್ ಮುದ್ರೆ ನಮ್ಮ ಹಕ್ಕು. ಅದನ್ನು ಕಾನೂನಿನ ಹಾದಿಯಲ್ಲಿ ಉಳಿಸಿಕೊಳ್ಳೋಣ. ಜೊತೆಗೆ ಪೊಟ್ಟಣದ ಮೇಲೆ ಹುಡುಕುವ ಆ ಪದವನ್ನು ನಮ್ಮ ಅಂಗಡಿಗಳ ಸ್ವಚ್ಛತೆಯಲ್ಲಿ, ತಕ್ಕಡಿಯಲ್ಲಿ ಮತ್ತು ಸಂಪಾದನೆಯಲ್ಲಿಯೂ ಹುಡುಕೋಣ.